ಕಡಲಿಲ್ಲದ ಊರಿನ ಕಡಲತೀರ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮೈಸೂರು ಏನೇನು ಕಳೆದುಕೊಂಡಿತೆಂಬ ಪಟ್ಟಿಯಲ್ಲಿ ನಾವು ಬರೆಯಲು ಮರೆಯುವ ಹೆಸರೊಂದಿದೆ: ಕಡಲು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಘಟ್ಟದ ಕೆಳಗಿನ ಕರಾವಳಿಯೂ ಅವನ ಕೈಸೇರಿತ್ತು. ಮಂಗಳೂರು, ಹೊನ್ನಾವರ, ಭಟ್ಕಳದ ರೇವುಗಳಲ್ಲಿ ಮೈಸೂರಿನ ಅಧಿಕಾರ ಮೂರೂವರೆ ದಶಕ ನಡೆಯಿತು. ಟಿಪ್ಪು ಸತ್ತ ಮೇಲೆ ಈ ಕರಾವಳಿ, ಅಂದರೆ ಕೆನರಾ, ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಒಡೆಯರಿಗೆ ಉಳಿದದ್ದು ಘಟ್ಟದ ಮೇಲಿನ ನೆಲ. ಕೆನರಾವನ್ನು ಎರಡಾಗಿ ಸೀಳಿ 1862ರಲ್ಲಿ ಉತ್ತರದ ಭಾಗವನ್ನು ಬೊಂಬಾಯಿಗೆ ಸೇರಿಸಿದರು, ದಕ್ಷಿಣದ್ದು ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೆ, 157 ವರ್ಷಗಳ ಕಾಲ, ಬೆಂಗಳೂರು ಇದ್ದ ರಾಜ್ಯಕ್ಕೆ ಒಂದು ಗೇಣು ಕಡಲತೀರವೂ ಇರಲಿಲ್ಲ.

ಇವತ್ತು ಅದೇ ಬೆಂಗಳೂರಿನ ಅಂಚಿನ ಬಡಾವಣೆಗಳಿಂದ ಶುಕ್ರವಾರ ರಾತ್ರಿಯಾದರೆ ಸಾಕು, ಕಡಲಿನ ಕಡೆಗೆ ಜನ ಹೊರಡುತ್ತಾರೆ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕುಟುಂಬ, ಎಲೆಕ್ಟ್ರಾನಿಕ್ ಸಿಟಿಯ ಗೆಳೆಯರ ತಂಡ, ಸಾಲು ರಜೆ ಸಿಕ್ಕಾಗ ಪೀಣ್ಯದ ಕಾರ್ಖಾನೆಯವರು ಬಾಡಿಗೆಗೆ ಹಿಡಿದ ಟೆಂಪೊ ಟ್ರಾವೆಲರ್. ಇವರಲ್ಲಿ ಹೆಂಡತಿ ಮಕ್ಕಳು, ಅಜ್ಜ ಅಜ್ಜಿಯರ ಜೊತೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಮತ್ತೆ ಮತ್ತೆ ಬರುವ ಹೆಸರು ಮುರುಡೇಶ್ವರ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಈ ಊರು ಸಂಸಾರಸ್ಥರ ಕಡಲತೀರವಾಗಿ ಬೆಳೆದ ಬಗೆಯಲ್ಲಿ ಘಟ್ಟದ ಮೇಲಿನ ಜನ ಕಡಲನ್ನು ಕಂಡುಕೊಂಡ ಚರಿತ್ರೆಯೂ ಇದೆ.

ದಿವಾನರ ಕಣ್ಣು ಭಟ್ಕಳದ ಮೇಲೆ

ಕಡಲಿಲ್ಲದ ಕೊರತೆ ಮೊದಲು ಕಾಡಿದ್ದು ಪ್ರವಾಸಿಗರನ್ನಲ್ಲ, ಆಡಳಿತಗಾರರನ್ನು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಸಂಸ್ಥಾನವನ್ನು ಕೈಗಾರಿಕೆಯ ದಾರಿಗೆ ತರಲು ಹೊರಟಿದ್ದರು. ಮಾಲು ತಯಾರಿಸಿದರೆ ಸಾಲದು, ಹೊರಗೆ ಕಳಿಸಲು ಬಂದರು ಬೇಕು. ಮೈಸೂರಿನ ಸರಕೆಲ್ಲ ಪರರ ನೆಲವನ್ನು ದಾಟಿ ಮದ್ರಾಸಿಗೋ ಮರ್ಮಗೋವಾಕ್ಕೋ ಹೋಗಬೇಕಿತ್ತು. ಶಿವಮೊಗ್ಗದ ಕಡೆಯಿಂದ ಘಟ್ಟ ಇಳಿದರೆ ಸಿಗುವ ಭಟ್ಕಳ ಮೈಸೂರಿನ ರೇವಾಗಬೇಕು, ಅಲ್ಲಿಗೆ ರೈಲು ಇಳಿಯಬೇಕು ಎಂಬುದು ಅವರ ಆಸೆ.

ಆಯ್ಕೆ ಹೊಸದಾಗಿರಲಿಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಇಳಿಯುತ್ತಿದ್ದದ್ದು ಭಟ್ಕಳದಲ್ಲಿ. ಹದಿನಾರನೆಯ ಶತಮಾನದಲ್ಲಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿ, ಘಟ್ಟದ ಮೆಣಸು ಹಡಗು ಹತ್ತುತ್ತಿದ್ದದ್ದೂ ಅಲ್ಲೇ. ಆದರೆ ದಿವಾನರ ಕಾಲಕ್ಕೆ ಭಟ್ಕಳ ಬೊಂಬಾಯಿ ಪ್ರಾಂತ್ಯದ ನೆಲ. ಪರರ ನೆಲದಲ್ಲಿ ಬಂದರು ಕಟ್ಟುವ ಮಾತು ಕಡತದಲ್ಲೇ ಉಳಿಯಿತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದಿದ್ದ ರೈಲು ಮುಂದೆ 1940ರ ಹೊತ್ತಿಗೆ ತಾಳಗುಪ್ಪದವರೆಗೆ ಸಾಗಿ, ಘಟ್ಟದ ನೆತ್ತಿಯಲ್ಲಿ, ಜೋಗದ ಸಮೀಪ ನಿಂತಿತು. ಅಲ್ಲಿಂದ ಹೊನ್ನಾವರಕ್ಕೆ ಹಳಿ ಹಾಕುವ ಬೇಡಿಕೆ ಇಂದಿಗೂ ಸರ್ವೆ, ಮನವಿಗಳ ನಡುವೆ ಓಡಾಡುತ್ತಿದೆ.

ಕಡಲನ್ನು ವಿಹಾರದ ಜಾಗವಾಗಿ ನೋಡುವ ಅಭ್ಯಾಸವೂ ಆಗ ನಮ್ಮ ಸಾಮಾನ್ಯರಲ್ಲಿರಲಿಲ್ಲ. 1880ರ ದಶಕದ ಮೊದಲಲ್ಲಿ ಯುವಕ ರವೀಂದ್ರನಾಥ ಠಾಕೂರರು ಕಾರವಾರದ ಕಡಲದಂಡೆಯಲ್ಲಿ ಕಾಲ ಕಳೆದದ್ದು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಅತಿಥಿಯಾಗಿ. ಅಂಥ ವಿಹಾರ ಅಧಿಕಾರಿಗಳ ಬಂಗಲೆಗಳಿಗೆ ಸೇರಿದ್ದು. ಊರಿನವರಿಗೆ ಕಡಲೆಂದರೆ ದುಡಿಮೆ, ಬಯಲುಸೀಮೆಯವರಿಗೆ ಪುರಾಣದಲ್ಲಿ ಕೇಳಿದ ಹೆಸರು.

ಕಂದುಕಗಿರಿ

ಭಟ್ಕಳದಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ಒಂದು ಗುಡ್ಡ ಕಡಲಿನೊಳಕ್ಕೆ ಚಾಚಿಕೊಂಡಿದೆ. ಮೂರು ಕಡೆ ನೀರು, ಒಂದು ಕಡೆ ಮಾತ್ರ ನೆಲ. ಇದೇ ಕಂದುಕಗಿರಿ. ಸರ್ಕಾರಿ ದಾಖಲೆಯಲ್ಲಿ ಊರು ಮಾವಳ್ಳಿ, ದೇವರ ಹೆಸರಿನಿಂದ ಮುರುಡೇಶ್ವರ.

ಕತೆ ಕರಾವಳಿಯ ಎಲ್ಲ ಮಕ್ಕಳಿಗೂ ಗೊತ್ತು. ರಾವಣ ತಪಸ್ಸು ಮಾಡಿ ಆತ್ಮಲಿಂಗ ಪಡೆದ. ಲಂಕೆ ಮುಟ್ಟುವವರೆಗೆ ನೆಲಕ್ಕಿಡಬಾರದೆಂಬುದು ನಿಯಮ. ಸಂಧ್ಯಾವಂದನೆಯ ಹೊತ್ತಿಗೆ ಎದುರಾದ ವಟುವಿನ ಕೈಗೆ ಕೊಟ್ಟ. ವಟುವಾಗಿ ಬಂದಿದ್ದ ಗಣಪತಿ ಅದನ್ನು ಗೋಕರ್ಣದಲ್ಲಿ ನೆಲಕ್ಕಿಟ್ಟುಬಿಟ್ಟ. ರಾವಣ ಸಿಟ್ಟಿನಲ್ಲಿ ಕಿತ್ತು ಎಸೆದಾಗ ಲಿಂಗದ ಕರಡಿಗೆ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ಕಟ್ಟಿದ ದಾರ ಧಾರೇಶ್ವರದಲ್ಲಿ, ಹೊದಿಸಿದ ವಸ್ತ್ರ ಕಂದುಕಗಿರಿಯಲ್ಲಿ ಬಿದ್ದವು. ಗೋಕರ್ಣವೂ ಸೇರಿ ಇವು ಪಂಚಕ್ಷೇತ್ರಗಳು. ಐದನ್ನೂ ಒಂದೇ ದಿನದಲ್ಲಿ ದರ್ಶನ ಮಾಡುವ ವಾಡಿಕೆ ಉಂಟು. ಅಂದರೆ ಕಾರವಾರದಿಂದ ಭಟ್ಕಳದವರೆಗಿನ ತೀರವನ್ನು ಪ್ರವಾಸದ ಒಂದೇ ಹಾದಿಯಾಗಿ ಪೋಣಿಸಿಟ್ಟದ್ದು ಪ್ರವಾಸೋದ್ಯಮ ಇಲಾಖೆಗಿಂತ ಬಹಳ ಮೊದಲಿನ ಸ್ಥಳಪುರಾಣ.

1801ರ ಆರಂಭದಲ್ಲಿ, ಕೆನರಾ ಹೊಸದಾಗಿ ಕಂಪನಿಗೆ ಸೇರಿದ್ದಾಗ, ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹಾದುಹೋದ. ಕಡಲಿಗೆ ಚಾಚಿದ ಎತ್ತರದ ಗುಡ್ಡದ ಮೇಲಿನ ಗುಡಿಯನ್ನು ಅವನು ತನ್ನ ಪ್ರವಾಸ ಕಥನದಲ್ಲಿ ಗುರುತಿಸಿದ್ದಾನೆ. ದೂರದ ಸಮುದ್ರದಲ್ಲಿ ಕಾಣುವ ನೇತ್ರಾಣಿ ದ್ವೀಪದ ವಿಷಯವೂ ಅಲ್ಲಿದೆ: ಕಾಡು ಪಾರಿವಾಳಗಳು ಗೂಡುಕಟ್ಟುವ ಗವಿಗಳು, ಸುತ್ತ ಹೇರಳವಾದ ಹವಳ. ದಂಡೆಯವರು ದೋಣಿಯಲ್ಲಿ ಹೋಗಿ ಆ ಹವಳವನ್ನು ತಂದು ಸುಟ್ಟು ಸುಣ್ಣ ಮಾಡುತ್ತಿದ್ದರು. ಇವತ್ತು ನೇತ್ರಾಣಿಯ ಅದೇ ಹವಳದ ದಿಬ್ಬಗಳನ್ನು ನೋಡಲು ಬೆಂಗಳೂರಿನ ಹುಡುಗ ಹುಡುಗಿಯರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೋಣಿ ಪಯಣ. ಕೇಳರಿಯದವರಿಗೂ ಈ ದ್ವೀಪದ ನೀರೊಳಗಿನ ಲೋಕವನ್ನು ತೋರಿಸಿದ್ದು, ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮರುವರ್ಷ, 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ಅವರ ‘ಗಂಧದಗುಡಿ’ ಸಾಕ್ಷ್ಯಚಿತ್ರ.

ಬುಕಾನನ್ ಕಂಡ ಕಾಲದಿಂದ 1980ರ ದಶಕದವರೆಗೂ ಊರು ಹೆಚ್ಚು ಬದಲಾಗಲಿಲ್ಲ. ಗುಡ್ಡದ ಮೇಲೆ ಗುಡಿ, ಕೆಳಗೆ ಮರಳಿನ ಮೇಲೆ ಒಣಗುವ ಬಲೆ, ತೆಂಗಿನ ತೋಟ, ಮಳೆಗಾಲದ ಭತ್ತ. ಯಾತ್ರಿಕರು ಬರುತ್ತಿದ್ದರು, ದರ್ಶನ ಮುಗಿಸಿ ಹೋಗುತ್ತಿದ್ದರು. ರಾತ್ರಿ ಉಳಿಯಲು ಅಲ್ಲೇನೂ ಹೆಚ್ಚಿನ ಅನುಕೂಲವಿರಲಿಲ್ಲ.

ಗುತ್ತಿಗೆದಾರನ ಹರಕೆ

ಊರನ್ನು ಬದಲಿಸಿದವರು ಊರಿನವರೇ. 1928ರ ಆಗಸ್ಟ್ 15ರಂದು ಮುರುಡೇಶ್ವರದಲ್ಲಿ ಹುಟ್ಟಿದ ಆರ್.ಎನ್. ಶೆಟ್ಟಿ 1961ರಲ್ಲಿ ಶಿರಸಿಯಲ್ಲಿ ಸಣ್ಣ ಗುತ್ತಿಗೆ ಕೆಲಸದಿಂದ ಶುರುಮಾಡಿದರು. ಆಮೇಲಿನ ನಾಲ್ಕು ದಶಕಗಳಲ್ಲಿ ಕರ್ನಾಟಕದ ನೀರಾವರಿ, ವಿದ್ಯುತ್ ಕಾಮಗಾರಿಗಳ ಪಟ್ಟಿಯಲ್ಲಿ ಅವರ ಸಂಸ್ಥೆಯ ಹೆಸರು ಸಾಲುಸಾಲಾಗಿ ಬರುತ್ತದೆ: ಹಿಡಕಲ್, ತಟ್ಟಿಹಳ್ಳ, ಗೇರುಸೊಪ್ಪೆ ಅಣೆಕಟ್ಟುಗಳು, ವಾರಾಹಿಯ ಭೂಗರ್ಭ ವಿದ್ಯುದಾಗಾರ, ಕೊಂಕಣ ರೈಲ್ವೆಯ ಸುರಂಗಗಳು. ಹುಬ್ಬಳ್ಳಿಯಲ್ಲಿ ಮುರುಡೇಶ್ವರ ಸಿರಾಮಿಕ್ಸ್, ಬೆಂಗಳೂರಿನಲ್ಲಿ ಕಾರು ಮಾರಾಟ, ಎಂಜಿನಿಯರಿಂಗ್ ಕಾಲೇಜು ಬಂದವು. ಘಟ್ಟದ ಮೇಲೆ ದುಡಿದದ್ದರಲ್ಲಿ ಒಂದು ಪಾಲನ್ನು ಅವರು ಘಟ್ಟದ ಕೆಳಗಿನ ಹುಟ್ಟೂರಿಗೆ ಸುರಿದರು. ಗುಡಿಯ ಜೀರ್ಣೋದ್ಧಾರದಿಂದ ಹಿಡಿದು ವಸತಿಗೃಹ, ಕಡಲಿಗೆ ಮುಖ ಮಾಡಿದ ಹೋಟೆಲು, ಆಸ್ಪತ್ರೆ, ಪಾಲಿಟೆಕ್ನಿಕ್‌ವರೆಗೆ ಎಲ್ಲವೂ ಅವರ ಕಟ್ಟಡಗಳೇ.

ಎಲ್ಲಕ್ಕಿಂತ ದೊಡ್ಡದು ಗುಡ್ಡದ ಮೇಲೆ ಕೂತ ಶಿವ. 123 ಅಡಿ ಎತ್ತರದ ಈ ಸಿಮೆಂಟಿನ ಮೂರ್ತಿಯನ್ನು ರೂಪಿಸಿದವರು ಶಿವಮೊಗ್ಗದ ಶಿಲ್ಪಿ ಕಾಶೀನಾಥ್, ಜೊತೆಗೆ ಅವರ ಮಗ ಶ್ರೀಧರ್. ವೈಟ್‌ಫೀಲ್ಡ್ ಕಡೆಯವರಿಗೆ ಕಾಶೀನಾಥರ ಕೈಕೆಲಸ ಮೊದಲೇ ಪರಿಚಯ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ 1995ರಲ್ಲಿ ಎದ್ದುನಿಂತ 65 ಅಡಿಯ ಶಿವನೂ ಅವರದೇ. ಮಾರತಹಳ್ಳಿ ದಾರಿಯಲ್ಲಿ ದಿನಾ ಹೋಗಿಬರುವವರು ನೋಡುವ ಶಿವನ ಹಿಂದೆ ಕೃತಕ ಕೈಲಾಸವಿದೆ, ಮುರುಡೇಶ್ವರದವನ ಹಿಂದೆ ನಿಜವಾದ ಅರಬ್ಬಿ ಸಮುದ್ರ. ನೇಪಾಳದ ಸಾಂಗಾದಲ್ಲಿ 143 ಅಡಿಯ ಮೂರ್ತಿ 2010ರ ಹೊತ್ತಿಗೆ ಬರುವವರೆಗೆ ಜಗತ್ತಿನ ಅತಿ ಎತ್ತರದ ಶಿವನೆಂಬ ಹೆಸರು ಮುರುಡೇಶ್ವರಕ್ಕೇ ಇತ್ತು. ಈಗ ರಾಜಸ್ಥಾನದ ನಾಥದ್ವಾರದ 369 ಅಡಿಯ ಮೂರ್ತಿ ಎಲ್ಲವನ್ನೂ ಮೀರಿದೆ. ಎತ್ತರದ ಪಂದ್ಯದಲ್ಲಿ ಸೋತರೂ ಊರಿಗೆ ನಷ್ಟವಾಗಲಿಲ್ಲ. ಮೂರ್ತಿಯ ಬುಡದಲ್ಲಿ ಆತ್ಮಲಿಂಗದ ಕತೆ ಹೇಳುವ ಗುಹೆ, ಉದ್ಯಾನದಲ್ಲಿ ಗೀತೋಪದೇಶದ ರಥ, ವಟುವಿಗೆ ಲಿಂಗ ಒಪ್ಪಿಸುವ ರಾವಣ. 2008ರಲ್ಲಿ ಎದ್ದ 20 ಅಂತಸ್ತಿನ ರಾಜಗೋಪುರ, ಬಾಗಿಲಲ್ಲಿ ಜೀವಗಾತ್ರದ ಎರಡು ಆನೆ. ಗೋಪುರದೊಳಗೆ ಲಿಫ್ಟ್! ಟಿಕೆಟು ತೆಗೆದು 18ನೆಯ ಅಂತಸ್ತಿಗೇರಿದರೆ ಕಿಂಡಿಯಲ್ಲಿ ಶಿವ, ಕಡಲು, ಸಾಲುದೋಣಿ ಒಟ್ಟಿಗೆ ಕಾಣುತ್ತವೆ.

ಕಲಾವಿಮರ್ಶಕರು ಈ ಸಿಮೆಂಟಿನ ವೈಭವವನ್ನು ಕಂಡು ಮೂಗು ಮುರಿದದ್ದುಂಟು. ಕರಾವಳಿಯ ಹಳೆಯ ಗುಡಿಗಳ ಹೆಂಚಿನ ಇಳಿಮಾಡು, ಕಲ್ಲು ಮರಗಳ ಸಂಯಮ ಇಲ್ಲಿಲ್ಲ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಚರಿತ್ರೆಯ ದೃಷ್ಟಿಯಿಂದ ಈ ಕಟ್ಟಡಗಳು ಮಾಡಿದ ಕೆಲಸ ಬೇರೆಯದು. ಬಯಲುಸೀಮೆಯ ಮಧ್ಯಮ ವರ್ಗದ ಮನೆಯಲ್ಲಿ ಬರೀ ಕಡಲು ನೋಡಲು ಐನೂರು ಕಿಲೋಮೀಟರ್ ಹೋಗೋಣ ಎಂದರೆ ಹಿರಿಯರು ಒಪ್ಪುವುದು ಕಷ್ಟ. ದೇವರಿಗೆ ಹೋಗೋಣ ಎಂದರೆ ಬ್ಯಾಗು ಮೊದಲು ತುಂಬುವವರು ಅವರೇ. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಇಡಗುಂಜಿ ಎಂಬ ಸಾಲಿನಲ್ಲಿ ಮುರುಡೇಶ್ವರವೂ ಸೇರಿಕೊಂಡಾಗ ಕಡಲು ಪುಣ್ಯದ ಲೆಕ್ಕಕ್ಕೆ ಬಂತು.

ಉತ್ತರಕ್ಕಿರುವ ಗೋಕರ್ಣದೊಂದಿಗೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಮಹಾಬಲೇಶ್ವರನ ಪೇಟೆ ಒಂದು ಕಡೆ, ವಿದೇಶಿಯರು ಗುಡಿಸಲು ಹಾಕಿಕೊಂಡು ಪ್ರಸಿದ್ಧಿಗೆ ತಂದ ಕುಡ್ಲೆ, ಓಂ ಬೀಚುಗಳು ಗುಡ್ಡದಾಚೆ. ಯಾತ್ರಿಕರ ಗೋಕರ್ಣ ಬೇರೆ, ವಿಹಾರಿಗಳ ಗೋಕರ್ಣ ಬೇರೆ. ಮುರುಡೇಶ್ವರದಲ್ಲಿ ಗುಡಿಯ ಮೆಟ್ಟಿಲು ಇಳಿದರೆ ಮರಳು. ಪ್ರಸಾದದ ಕೊಟ್ಟೆ ಕೈಯಲ್ಲಿರುವಾಗಲೇ ಕಾಲಿಗೆ ಅಲೆ ತಾಗುತ್ತದೆ. ಗೋವಾದಂತೆ ದಂಡೆಯ ಮೇಲೆ ಮದ್ಯದ ಗುಡಿಸಲುಗಳಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದ ಅತ್ತೆ, ಪ್ಯಾಂಟು ಮಡಿಚಿದ ಅಳಿಯ, ಒದ್ದೆಯಾಗಿ ಚೀರುವ ಮಕ್ಕಳು ಒಂದೇ ಅಲೆಗೆ ಕೈಕೈ ಹಿಡಿದು ನಿಲ್ಲುವುದಕ್ಕೆ ಇಲ್ಲಿ ಸಂಕೋಚವಿಲ್ಲ. ‘ಫ್ಯಾಮಿಲಿ ಬೀಚ್’ ಎಂಬ ಹೆಸರು ಹೀಗೆ ಅಂಟಿತು.

ಹಳಿ ಬಂದ ದಾರಿ

ಊರು ಸಿದ್ಧವಾದರೂ ಬೆಂಗಳೂರು ದೂರವೇ ಇತ್ತು. ಕೊಂಕಣ ರೈಲ್ವೆ ನಿಗಮ 1990ರಲ್ಲಿ ಸ್ಥಾಪನೆಯಾದಾಗ ರೈಲ್ವೆ ಸಚಿವರಾಗಿದ್ದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಕಾಮಗಾರಿಯ ಚುಕ್ಕಾಣಿ ಇ. ಶ್ರೀಧರನ್ ಕೈಯಲ್ಲಿ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಬಂತು. ಆ ಮಾರ್ಗದ ಅತಿ ಉದ್ದದ ಸೇತುವೆ ಅದೇ. 1998ರ ಜನವರಿ 26ರಂದು ಇಡೀ ಮಾರ್ಗ ಲೋಕಾರ್ಪಣೆಯಾಯಿತು. ಮುರುಡೇಶ್ವರಕ್ಕೆ ಸ್ಟೇಷನ್ ಸಿಕ್ಕಿತು. ಆದರೆ ಆ ಹಳಿ ಓಡುತ್ತಿದ್ದದ್ದು ಮುಂಬೈ ಮತ್ತು ಕೇರಳದ ನಡುವೆ. ಕರ್ನಾಟಕದ ಕಡಲೂರಿನಿಂದ ಮುಂಬೈಗೆ ರೈಲಿತ್ತು, ತನ್ನದೇ ರಾಜಧಾನಿಗೆ ಇರಲಿಲ್ಲ.

ಕಾರಣ ಘಟ್ಟ. ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ 1979ರಲ್ಲಿ ಮುಗಿದಿತ್ತು. ಅದನ್ನು ಬ್ರಾಡ್‌ಗೇಜ್ ಮಾಡಲೆಂದು 1990ರ ದಶಕದ ಮಧ್ಯದಲ್ಲಿ ಮುಚ್ಚಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಏರುವ ಕಡಿದಾದ ದಾರಿ. ಮಳೆ ಬಂದರೆ ಕುಸಿಯುವ ಗುಡ್ಡ. ಕೆಲಸ ಹತ್ತು ವರ್ಷ ಮೀರಿ ಎಳೆಯಿತು. 2007ರ ಡಿಸೆಂಬರ್‌ನಲ್ಲಿ ಯಶವಂತಪುರದಿಂದ ಮಂಗಳೂರಿಗೆ ಮತ್ತೆ ಪ್ರಯಾಣಿಕರ ರೈಲು ಇಳಿಯಿತು, ಮುಂದೆ ಅದು ಕಾರವಾರದ ಕಡೆಗೂ ವಿಸ್ತರಿಸಿತು. ಮಂಗಳೂರಿನಲ್ಲಿ ಎಂಜಿನ್ ತಿರುಗಿಸಿಕೊಳ್ಳುವ ತಾಸುಗಟ್ಟಲೆಯ ಕಾಯುವಿಕೆ ತಪ್ಪಿದ್ದು 2020ರ ಮಾರ್ಚ್‌ನಲ್ಲಿ. ಆಗ ಯಶವಂತಪುರದಿಂದ ವಾಸ್ಕೊಗೆ ಹೊರಟ ರೈಲು ನಗರದೊಳಕ್ಕೆ ಹೋಗದೆ ಪಡೀಲಿನ ಮೂಲಕ ನೇರವಾಗಿ ಉಡುಪಿಯ ಹಾದಿ ಹಿಡಿಯಿತು. ಕೆಲವೇ ದಿನಗಳಲ್ಲಿ ಲಾಕ್‌ಡೌನ್ ಬಂದು ಎಲ್ಲ ನಿಂತಿತು. ಬಳಿಕ ಅದೇ ಹಾದಿಯಲ್ಲಿ ಕಾರವಾರಕ್ಕೆ ಓಡತೊಡಗಿದ ಪಂಚಗಂಗಾ ಎಕ್ಸ್‌ಪ್ರೆಸ್, ಐದು ನದಿಗಳು ಕೂಡುವ ಕುಂದಾಪುರದ ಪಂಚಗಂಗಾವಳಿಯಿಂದ ಹೆಸರು ಪಡೆಯಿತು.

2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಬಳಿ ಹೊಸ ರೈಲ್ವೆ ಟರ್ಮಿನಲ್ ಕೆಲಸ ಆರಂಭಿಸಿತು. ಮರುವರ್ಷ ಅಲ್ಲಿಂದ ಮಂಗಳೂರಿಗೆ ಹೋಗುತ್ತಿದ್ದ ರೈಲನ್ನು ಮುರುಡೇಶ್ವರದವರೆಗೆ ವಿಸ್ತರಿಸಿದರು. ಸಂಜೆ ಹತ್ತಿದರೆ ಮರುದಿನ ಮಧ್ಯಾಹ್ನಕ್ಕೆ ಕಡಲು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡಿನಿಂದ ತಡೆಯಿಲ್ಲದೆ ಓಡತೊಡಗಿದ ಮೇಲೆ, ಐಟಿ ಪಟ್ಟಿಯವರಿಗೆ ಈ ಟರ್ಮಿನಲ್ ಮೆಜೆಸ್ಟಿಕ್‌ಗಿಂತ ಹತ್ತಿರ. ಅದರ ಹೆಸರು ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ದಿವಾನರು ಭಟ್ಕಳಕ್ಕೆ ಕಳಿಸಲು ಬಯಸಿದ ರೈಲು ಅವರ ಹೆಸರಿನ ನಿಲ್ದಾಣದಿಂದಲೇ ಹೊರಟು ಭಟ್ಕಳವನ್ನು ದಾಟಿ ಹೋಗುತ್ತದೆ. ಅವರು ನೆನೆದದ್ದು ಸರಕಿನ ಗಾಡಿ. ಇದು ರಜೆಗೆ ಹೊರಟವರ ಗಾಡಿ.

ಎರಡು ದಿನದ ವಾರಾಂತ್ಯ

ರಜೆಗೂ ಒಂದು ಚರಿತ್ರೆಯಿದೆ. 1978ರಲ್ಲಿ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. 1882ರಲ್ಲಿ ಆಂಗ್ಲೊ ಇಂಡಿಯನ್ನರ ಬೇಸಾಯದ ವಸಾಹತಾಗಿ ಹುಟ್ಟಿದ್ದ ವೈಟ್‌ಫೀಲ್ಡಿನಲ್ಲಿ, 1990ರ ದಶಕದಲ್ಲಿ ಸಿಂಗಪುರದ ಸಹಭಾಗಿತ್ವದ ಐಟಿ ಪಾರ್ಕ್ ಎದ್ದಿತು. ತುಮಕೂರು ರಸ್ತೆಯ ಪೀಣ್ಯದಲ್ಲಿ ಲೇತು, ಪ್ರೆಸ್ಸು, ಗಾರ್ಮೆಂಟ್ಸುಗಳ ಸಾವಿರಾರು ಘಟಕಗಳು ಅದಕ್ಕೂ ಮೊದಲೇ ಬೇರುಬಿಟ್ಟಿದ್ದವು. ಸಾಫ್ಟ್‌ವೇರ್ ಕಂಪನಿಗಳು ಸಂಬಳದ ಜೊತೆ ಊರಿಗೆ ತಂದ ದೊಡ್ಡ ಬದಲಾವಣೆ ವಾರಕ್ಕೆ ಐದು ದಿನದ ಕೆಲಸ. ಒಂದು ದಿನದ ರಜೆಯಲ್ಲಿ ನಂದಿಬೆಟ್ಟಕ್ಕೆ ಹೋಗಿಬರಬಹುದು. ಎರಡು ದಿನ, ಮೂರು ರಾತ್ರಿ ಸಿಕ್ಕರೆ ಅರಬ್ಬಿ ಸಮುದ್ರ ಎಟುಕುತ್ತದೆ.

ಪೀಣ್ಯದ ಸಣ್ಣ ಘಟಕಗಳಲ್ಲಿ ಇಂದಿಗೂ ವಾರಕ್ಕೊಂದೇ ರಜೆ. ಅಲ್ಲಿಯವರ ಪ್ರವಾಸ ಆಯುಧಪೂಜೆಯ ಬೋನಸ್, ದಸರಾ ಅಥವಾ ಬೇಸಿಗೆಯ ಸಾಲು ರಜೆಗೆ ಕಾಯುತ್ತದೆ. ಆದರೆ ದಾರಿಯ ಅನುಕೂಲ ಅವರದು. ಹೊನ್ನಾವರಕ್ಕೆ ಹೋಗುವ ಹಳೆಯ 206ನೆಯ ಹೆದ್ದಾರಿ ಹಿಡಿಯಲು ಮೊದಲು ತುಮಕೂರು ಮುಟ್ಟಬೇಕು, ತುಮಕೂರಿನ ದಾರಿ ಪೀಣ್ಯದ ಅಂಗಳದಲ್ಲೇ ಹಾದುಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯವರು ನೈಸ್ ರಸ್ತೆಯಲ್ಲಿ ನಗರವನ್ನು ಬಳಸಿ ಮಾದಾವರದ ಹತ್ತಿರ ಅದೇ ದಾರಿಗೆ ಕೂಡಿಕೊಳ್ಳುತ್ತಾರೆ. ಮುಂದೆ ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ. ಬೆಳಕು ಹರಿಯುವ ಹೊತ್ತಿಗೆ ಗೇರುಸೊಪ್ಪೆ ಘಟ್ಟದ ತಿರುವುಗಳು, ಕೆಳಗೆ ಶರಾವತಿ ಕಣಿವೆ. ವಿಜಯನಗರದ ಕಾಲದಿಂದಲೂ ಘಟ್ಟಕ್ಕೂ ರೇವಿಗೂ ನಡುವೆ ಸರಕು ಹತ್ತಿ ಇಳಿದ ಸೀಮೆ ಇದು; ಈಗ ಇಳಿಯುವುದು ಚಿಪ್ಸ್ ಪೊಟ್ಟಣ, ವಾಂತಿ ಮಾತ್ರೆ, ಅಂತ್ಯಾಕ್ಷರಿ ಹಾಡುಗಳ ಸಮೇತ ಸಂಸಾರಗಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟು ಉಚಿತವಾದ ಮೇಲೆ, ಗಾರ್ಮೆಂಟ್ಸಿನ ಹೆಣ್ಣುಮಕ್ಕಳೂ ಗುಂಪು ಕಟ್ಟಿಕೊಂಡು ದೇವಸ್ಥಾನಗಳ ಸಾಲನ್ನು ಸುತ್ತಿ ಕಡಲು ನೋಡಿ ಬರತೊಡಗಿದರು.

ಊರಿನ ಲೆಕ್ಕ

ಬಂದವರನ್ನು ಊರು ಎರಡು ಪಂಚಾಂಗಗಳಲ್ಲಿ ಎಣಿಸುತ್ತದೆ. ಪ್ರವಾಸದ್ದು ಅಕ್ಟೋಬರ್‌ನಿಂದ ಮೇ. ಅದರಲ್ಲೂ ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು, ಮಹಾಶಿವರಾತ್ರಿ ಜಾತ್ರೆಯ ಹೊತ್ತು. ಮೀನುಗಾರಿಕೆಯದ್ದು ಆಗಸ್ಟ್‌ನಿಂದ ಶುರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಲಾಡ್ಜುಗಳೂ ಅರ್ಧ ಖಾಲಿ. ಮಳೆಗಾಲದ ಕಡಲು ಗುಡ್ಡದ ಬಂಡೆಗಳಿಗೆ ಅಪ್ಪಳಿಸುವುದನ್ನು ನೋಡಲೆಂದೇ ಬರುವವರು ಈಚೆಗೆ ಹೆಚ್ಚುತ್ತಿದ್ದಾರೆ, ಆದರೆ ನೀರಿಗಿಳಿಯಲು ಆಗ ಬಿಡುವುದಿಲ್ಲ.

ಪ್ರವಾಸಿಗರಿಂದ ಬದುಕಿನ ದಾರಿ ಕವಲೊಡೆದಿದೆ. ಬಲೆ ಎಳೆಯುತ್ತಿದ್ದ ಮನೆಯ ಮಗ ದೋಣಿವಿಹಾರದ ಟಿಕೆಟು ಹರಿಯುತ್ತಾನೆ, ಇನ್ನೊಬ್ಬ ನೇತ್ರಾಣಿಗೆ ಡೈವಿಂಗ್ ತಂಡವನ್ನು ಒಯ್ಯುತ್ತಾನೆ. ಬಂಗುಡೆ ಫ್ರೈ, ಕಾಣೆ ರವಾ ಫ್ರೈ, ಪಕ್ಕದಲ್ಲೇ ಶುದ್ಧ ಸಸ್ಯಾಹಾರದ ಬೋರ್ಡು. ತುಸು ದೂರ ಹೋದರೆ ಭಟ್ಕಳದ ಬಿರಿಯಾನಿ, ಭಟ್ಕಳ ಮಲ್ಲಿಗೆ. ಸುತ್ತಲಿನ ತೀರವೂ ಇದರಿಂದ ಎಚ್ಚೆತ್ತಿತು. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಯ ಜೊತೆ, ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಶರಾವತಿಯ ಹಿನ್ನೀರಿನ ಕಾಂಡ್ಲಾ ವನದಲ್ಲಿ ನಡೆದಾಡಲು ಮರದ ಹಾದಿ ಹಾಕಿದರು. ಪಂಚಕ್ಷೇತ್ರಗಳಲ್ಲೊಂದಾದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲೆಯಿದೆ. ಮುರುಡೇಶ್ವರಕ್ಕೆ ಬಂದವರಲ್ಲಿ ಅಲ್ಲಿ ಇಳಿದು ಯಕ್ಷಗಾನ ನೋಡುವವರು ಮಾತ್ರ ವಿರಳ.

2020ರ ಡಿಸೆಂಬರ್ 17ರಂದು ಆರ್.ಎನ್. ಶೆಟ್ಟಿಯವರು ತೀರಿಕೊಂಡಾಗ ಊರು ಬಹುಮಟ್ಟಿಗೆ ಅವರ ಕಟ್ಟಡಗಳಿಂದಲೇ ರೂಪುಗೊಂಡಿತ್ತು. ಒಬ್ಬನ ಹರಕೆಯಿಂದ ಎದ್ದ ಊರನ್ನು ಇನ್ನು ಮುಂದೆ ಪಂಚಾಯಿತಿ, ಜಿಲ್ಲಾಡಳಿತ, ಇಲಾಖೆಗಳು ನೋಡಿಕೊಳ್ಳಬೇಕಿತ್ತು. ಆ ಪರೀಕ್ಷೆ ಬೇಗ ಬಂತು.

2024ರ ಡಿಸೆಂಬರ್

2024ರ ಡಿಸೆಂಬರ್ 10ರ ಸಂಜೆ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯೊಂದರ ಮಕ್ಕಳು ಶೈಕ್ಷಣಿಕ ಪ್ರವಾಸದಲ್ಲಿ ಮುರುಡೇಶ್ವರಕ್ಕೆ ಬಂದಿದ್ದರು. ನೀರಿಗಿಳಿದ ಹೆಣ್ಣುಮಕ್ಕಳಲ್ಲಿ ಏಳು ಮಂದಿಯನ್ನು ಕಡಲು ಒಳಗೆಳೆಯಿತು. ಮೂವರನ್ನು ಬದುಕಿಸಿದರು, ನಾಲ್ವರು ತೀರಿಕೊಂಡರು. ಸರ್ಕಾರ ಪ್ರತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು, ಶಾಲೆಯವರ ಮೇಲೆ ಕ್ರಮವಾಯಿತು. ತೀರವನ್ನು ಕೆಲಕಾಲ ಮುಚ್ಚಿದರು. ಮತ್ತೆ ತೆರೆದಾಗ ನೀರಿಗಿಳಿಯಲು ಜಾಗ ಗುರುತಿಸಲಾಗಿತ್ತು.

ಆ ಮಕ್ಕಳು ಬಂದದ್ದು ವೈಟ್‌ಫೀಲ್ಡಿಗಿಂತಲೂ ಪೂರ್ವದ, ಕಡಲಿನಿಂದ ಇನ್ನೂ ದೂರದ ನೆಲದಿಂದ. ಕೆರೆ ಬತ್ತಿದ, ಕೊಳವೆಬಾವಿ ಸಾವಿರ ಅಡಿ ಮುಟ್ಟಿದ ಸೀಮೆಯಲ್ಲಿ ಈಜು ಕಲಿಯಲು ನೀರೆಲ್ಲಿದೆ? ಕಡಲನ್ನು ಓದುವ ವಿದ್ಯೆಯಂತೂ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅಪಾಯ ದೊಡ್ಡ ಅಲೆಯಲ್ಲಿದೆ ಎಂದು ಬಯಲುಸೀಮೆಯವರು ತಿಳಿದಿರುತ್ತಾರೆ. ದಂಡೆಗೆ ಬಂದ ನೀರೆಲ್ಲ ಹಿಂದಿರುಗಬೇಕಲ್ಲ, ಅದು ಮರಳಿನ ದಿಬ್ಬಗಳ ನಡುವೆ ಕಿರಿದಾದ ದಾರಿ ಮಾಡಿಕೊಂಡು ರಭಸದಿಂದ ಒಳಗೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ; ಮಕ್ಕಳು ಆರಿಸಿಕೊಳ್ಳುವುದೂ ಅದನ್ನೇ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಂಡೆಗೆ ಬರಲು ಹೋರಾಡಿ ಸೋಲುತ್ತಾರೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಸೆಳೆತದಿಂದ ಹೊರಬೀಳಬಹುದು. ದಂಡೆಯ ಮೀನುಗಾರರಿಗೆ ನೀರಿನ ಬಣ್ಣ ನೋಡಿದರೇ ಇದು ತಿಳಿಯುತ್ತದೆ. ಬೆಂಗಳೂರಿನಿಂದ ಬಂದ ಎಂಜಿನಿಯರಿಗೆ ತಿಳಿಯುವುದಿಲ್ಲ.

ಘಟ್ಟದ ಮೇಲಿನ ಕನ್ನಡಿಗರಿಗೆ ಕಡಲು ಮತ್ತೆ ಸಿಕ್ಕಿ ಸುಮಾರು ಎಪ್ಪತ್ತು ವರ್ಷವಷ್ಟೇ. ಅದೂ ಮೊದಲು ನಕಾಶೆಯಲ್ಲಿ, ಆಮೇಲೆ ದೇವರ ನೆಪದಲ್ಲಿ, ಕೊನೆಗೆ ರಾತ್ರಿಯ ರೈಲಿನಲ್ಲಿ. ನೋಡುವ ದಾರಿ ಸಿಕ್ಕಿತು, ಅದರ ಸ್ವಭಾವದ ಪರಿಚಯ ಇನ್ನೂ ಆಗಬೇಕಿದೆ. ಸಾಕಷ್ಟು ಲೈಫ್‌ಗಾರ್ಡುಗಳು, ಸೀಟಿ, ಹಗ್ಗ, ಕೆಂಪು ಬಾವುಟ ದಂಡೆಯಲ್ಲಿ ಇರಲೇಬೇಕು. ಅವುಗಳ ಖರ್ಚಿಗೆ ಪ್ರವಾಸಿಗರಿಂದ ಬರುವ ಆದಾಯದ ಒಂದು ಪಾಲು ಮೀಸಲಾಗಬೇಕು, ಕೆಲಸ ಊರಿನ ಮೀನುಗಾರರ ಮಕ್ಕಳಿಗೇ ಮೊದಲು ಸಿಗಬೇಕು. ಆದರೆ ಪಾಠ ಶುರುವಾಗಬೇಕಾದದ್ದು ಬಸ್ಸು ಹೊರಡುವ ಕಡೆ: ಮುಳಬಾಗಿಲಿನ ಶಾಲೆಯಲ್ಲಿ, ಪೀಣ್ಯದ ಕಾರ್ಖಾನೆಯ ಗೇಟಿನಲ್ಲಿ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ. ಪ್ರವಾಸದ ಅನುಮತಿ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವ ದಿನವೇ ಅರ್ಧ ಗಂಟೆ ಕೂರಿಸಿ ಸೆಳೆತವೆಂದರೇನು, ಉಬ್ಬರ ಇಳಿತವೆಂದರೇನು ಎಂದು ಹೇಳಿಕೊಡುವುದಕ್ಕೆ ಯಾವ ಬಜೆಟ್ಟೂ ಬೇಡ.